ಕೊಲೆಗಾರ ಯಾರು ಅಂತ ಅರ್ಧದಲ್ಲೇ ಗೊತ್ತಾಗೋರಿಗೆ ಏನು ಓದಿಸೋದು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕ್ರೈಮ್ ಮತ್ತೆ ಗಾಥಿಕ್ (ಹಳೇ ಮನೆ, ಗುಟ್ಟು, ಭಯ ಇರೋ ಥರದ) ಕಾದಂಬರಿಗಳದ್ದೇ. ಒಂದೇ ಥರದವನ್ನ ಸೇರಿಸಿ ನಾಲ್ಕು ಮಾಡ್ಕೊಂಡಿದೀನಿ. ಯಾವ ಪುಸ್ತಕದ ಕೊನೆನೂ ಇಲ್ಲಿ ಹೇಳಿಲ್ಲ, ಧೈರ್ಯವಾಗಿ ಓದಿ.

ಪ್ರಶ್ನೆ: ಮೇಡಂ, ಅಗಾಥಾ ಕ್ರಿಸ್ಟಿ ಹತ್ತಿರತ್ತಿರ ಎಲ್ಲಾ ಮುಗ್ಸಿದೀನಿ, ಷರ್ಲಾಕ್ ಹೋಮ್ಸ್ ಎರಡೆರಡು ಸಲ ಆಯ್ತು. ಈಗ ಯಾವ ಪತ್ತೇದಾರಿ ಕಾದಂಬರಿ ತಗೊಂಡ್ರೂ ಅರ್ಧ ಬರೋಷ್ಟರಲ್ಲಿ ಕೊಲೆಗಾರ ಯಾರು ಅಂತ ಗೊತ್ತಾಗ್ಬಿಡುತ್ತೆ, ಮಜಾನೇ ಹೊರಟೋಗಿದೆ. ಇನ್ನೂ ಕಷ್ಟದ ಪಜಲ್ ಇರೋದು ಹೇಳ್ತೀರಾ?

ಕಷ್ಟದ ಪಜಲ್ ಆಮೇಲೆ ಹೇಳ್ತೀನಿ, ಮೊದಲು ನಿಮಗೆ ಅದು ಬೇಡ ಅಂತ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟೊಂದು ಓದಿದ ಮೇಲೆ ಯಾರೂ ಸುಳಿವು ನೋಡಿ ಕೊಲೆಗಾರನ್ನ ಹಿಡಿಯಲ್ಲ, ಲೇಖಕರ ಚಾಳಿ ನೋಡಿ ಹಿಡೀತಾರೆ. ಎರಡನೇ ಅಧ್ಯಾಯದಲ್ಲಿ ಸುಮ್ನೆ ಬಂದು ಹೋದ ಆ ನೆಂಟನ್ನ ಯಾಕೆ ಕರ್ಕೊಂಡು ಬಂದ್ರು, ಎಲ್ಲರ ಮೇಲೂ ಅನುಮಾನ ಬರೋ ಹಾಗೆ ಬರೆದು ಇವಳೊಬ್ಬಳನ್ನ ಮಾತ್ರ ಯಾಕೆ ಬಿಟ್ರು, ಹೀಗೆ. ಇದು ಒಂದ್ಸಲ ಬಂದ್ಮೇಲೆ ಪಜಲ್ ಎಷ್ಟು ಗಟ್ಟಿ ಇದ್ರೂ ಒಡೆಯುತ್ತೆ. ಅದಕ್ಕೆ ನಿಮ್ಮಂಥೋರಿಗೆ ನಾನು ಕೊಡೋದು ಕೊಲೆಗಾರ ಯಾರು ಅಂತ ಲೇಖಕರೇ ಮುಂಚೆನೇ ಹೇಳಿಬಿಡೋ ಪುಸ್ತಕಗಳು. ಅಲ್ಲಿ ನಿಮ್ಮ ಜಾಣತನ ಯಾವ ಕೆಲಸಕ್ಕೂ ಬರಲ್ಲ.

ರುತ್ ರೆಂಡೆಲ್ ಅವರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್' ತಗೊಳ್ಳಿ, 1977ರದ್ದು. ಮೊಟ್ಟಮೊದಲ ವಾಕ್ಯದಲ್ಲೇ ಕೊಂದೋಳ ಹೆಸರು, ಸತ್ತ ಮನೆಯವರ ಹೆಸರು, ಕಾರಣ ಮೂರೂ ಬಂದ್ಬಿಡುತ್ತೆ. ಯೂನಿಸ್ ಅನ್ನೋ ಮನೆಕೆಲಸದೋಳು, ಅವಳಿಗೆ ಓದು ಬರಹ ಬರಲ್ಲ, ಅದಕ್ಕೇ ಇಡೀ ಮನೆಯವರನ್ನ ಕೊಂದಳು ಅಂತ. ಇನ್ನೇನು ಉಳೀತು ಅನ್ಸುತ್ತಲ್ವಾ? ಆದ್ರೆ ಒಂದೊಂದು ಪುಟಕ್ಕೂ ಭಯ ಏರ್ತಾ ಹೋಗುತ್ತೆ, ಮೇಜಿನ ಮೇಲೆ ಒಂದು ಚೀಟಿ ಬರೆದಿಟ್ಟು ಹೋದ್ರೂ ಸಾಕು ನಮ್ಮ ಎದೆ ಹೊಡ್ಕೊಳುತ್ತೆ, ಯಾಕಂದ್ರೆ ಅವಳು ಅದನ್ನ ಓದೋಕಾಗಲ್ಲ ಅಂತ ನಮಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ತಡೀರಿ, ಅಯ್ಯೋ ಹಾಗೆ ಮಾಡಬೇಡಿ ಅಂತ ಪುಸ್ತಕಕ್ಕೆ ಹೇಳ್ತಾ ಕೂತಿರ್ತೀವಿ.

ಇದೇ ದಾರೀಲಿ ತುಂಬಾ ಹಿಂದೆನೇ ಹೋದೋರು ಫ್ರಾನ್ಸಿಸ್ ಐಲ್ಸ್, 1931ರ 'ಮ್ಯಾಲಿಸ್ ಅಫೋರ್‌ಥಾಟ್'. ಒಬ್ಬ ಡಾಕ್ಟರು ಹೆಂಡತೀನ ಕೊಲ್ಲಬೇಕು ಅಂತ ತೀರ್ಮಾನ ಮಾಡಿದ, ಆದ್ರೆ ಕೆಲಸ ಶುರು ಮಾಡೋಕೆ ವಾರಗಟ್ಟಲೆ ತಗೊಂಡ ಅಂತಲೇ ಶುರುವಾಗೋದು. ನಗು ಬರುತ್ತೆ, ನಕ್ಕಿದ್ದಕ್ಕೆ ಆಮೇಲೆ ಮುಜುಗರನೂ ಆಗುತ್ತೆ. ಪೆಟ್ರೀಶಿಯಾ ಹೈಸ್ಮಿತ್ ಅವರ 'ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ' (1955) ಇನ್ನೊಂದು ಹೆಜ್ಜೆ ಮುಂದೆ, ಅಲ್ಲಿ ಕೊಲೆಗಾರ ಸಿಕ್ಕಿಹಾಕ್ಕೋಬಾರದು ಅಂತ ನಾವೇ ಬೇಡ್ಕೊಳ್ತಾ ಇರ್ತೀವಿ.

ಇವೆಲ್ಲಾ ಸರಿ, ಆದ್ರೂ ಕೊನೇಲಿ ಒಂದು ಏಟು ಬೀಳ್ಬೇಕು ಅನ್ನೋದಾದ್ರೆ ಕೀಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್', ಜಪಾನಿ ಮೂಲ 2005ರದ್ದು. ಕೊಲೆ ಶುರುವಲ್ಲೇ ನಮ್ಮ ಕಣ್ಣೆದುರಿಗೇ ಆಗುತ್ತೆ, ಮಾಜಿ ಗಂಡನ ಕಾಟ ತಡೀಲಾರದೆ ಒಬ್ಬ ಹೆಂಗಸು ಅವನನ್ನ ಕೊಲ್ತಾಳೆ, ಪಕ್ಕದ ಮನೆ ಗಣಿತದ ಮೇಷ್ಟ್ರು ಅದನ್ನ ಮುಚ್ಚಿಹಾಕೋಕೆ ನಿಲ್ತಾರೆ. ಎಲ್ಲಾ ಗೊತ್ತಿದೆ ಅಂದ್ಕೊಂಡು ಓದ್ತಾ ಹೋಗ್ತೀರ. ಅಷ್ಟೇ ಹೇಳ್ತೀನಿ.

ಸರಿ, ಶುದ್ಧ ಪಜಲ್ಲೇ ಬೇಕು ಅಂತ ಹಟ ಇದ್ರೆ: ಈ ಫ್ರಾನ್ಸಿಸ್ ಐಲ್ಸ್ ಅನ್ನೋರೇ ಆಂಟನಿ ಬರ್ಕ್ಲಿ ಅನ್ನೋ ಹೆಸರಲ್ಲಿ 1929ರಲ್ಲಿ 'ದಿ ಪಾಯ್ಸನ್ಡ್ ಚಾಕ್ಲೆಟ್ಸ್ ಕೇಸ್' ಬರೆದಿದಾರೆ, ಒಂದೇ ಕೊಲೆಗೆ ಒಂದು ಕ್ಲಬ್ಬಿನ ಆರು ಜನ ಆರು ಉತ್ತರ ಕೊಡ್ತಾರೆ, ಪ್ರತಿಯೊಂದೂ ಸರಿನೇ ಅನ್ಸುತ್ತೆ, ನಿಮ್ಮ ಊಹೆ ಅಲ್ಲಿ ಮೂರನೇದೋ ನಾಲ್ಕನೇದೋ ಆಗಿ ಬಿದ್ದುಹೋಗಿರುತ್ತೆ. ಒಳಗಿಂದ ಬೀಗ ಹಾಕಿರೋ ಕೋಣೇಲಿ ಕೊಲೆ ಅಂದ್ರೆ ಜಾನ್ ಡಿಕ್ಸನ್ ಕಾರ್ ಅವರ 'ದಿ ಹಾಲೋ ಮ್ಯಾನ್' (1935). ಅದರ 17ನೇ ಅಧ್ಯಾಯದಲ್ಲಿ ಪತ್ತೇದಾರ ಕಥೆ ನಿಲ್ಲಿಸಿ, ನಾವೆಲ್ಲಾ ಒಂದು ಪತ್ತೇದಾರಿ ಕಥೆಯೊಳಗೇ ಇದೀವಲ್ಲಾ ಅಂತ ನೇರವಾಗಿ ಒಪ್ಕೊಂಡು, ಇಂಥ ಕೊಲೆಗಳನ್ನ ಹೇಗೆಲ್ಲಾ ಮಾಡಬಹುದು ಅಂತ ಒಂದು ಲೆಕ್ಚರೇ ಕೊಡ್ತಾನೆ. ಯುಕಿಟೊ ಅಯಾತ್ಸುಜಿ ಅವರ 1987ರ 'ದಿ ಡೆಕಗಾನ್ ಹೌಸ್ ಮರ್ಡರ್ಸ್' ಕೂಡ ಆಗುತ್ತೆ, ಪಾತ್ರಗಳಿಗೆ ಜೀವ ಕಮ್ಮಿ, ಅದು ಪರವಾಗಿಲ್ಲ ಅನ್ನೋದಾದ್ರೆ.

ಪ್ರಶ್ನೆ: ಗಾಥಿಕ್ ಕಾದಂಬರಿ ಓದಬೇಕು ಅಂತ ಆಸೆಯಿಂದ ಮೊದಲಿಂದ ಶುರು ಮಾಡೋಣ ಅಂತ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಹಿಡಿದೆ. ಭಯ ಬರೋದಿರ್ಲಿ, ನಗು ಬಂತು. ಗಾಥಿಕ್ ನನಗಲ್ವೇನೋ?

ನಗು ಬಂದಿದ್ದು ಸರಿಯಾಗೇ ಇದೆ. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದಿದ್ದು ಅದು, ಮೊದಲು ತನ್ನ ಹೆಸರೇ ಹಾಕದೆ ಯಾವುದೋ ಹಳೇ ಇಟಾಲಿಯನ್ ಪುಸ್ತಕದ ಅನುವಾದ ಅಂತ ಬಿಟ್ಟಿದ್ದ, ಜನ ಮೆಚ್ಚಿದ ಮೇಲೆ ಮುಂದಿನ ವರ್ಷ ನಾನೇ ಬರೆದಿದ್ದು ಅಂದ. ಕಥೆ ಶುರುವಲ್ಲೇ ಮದುವೆ ದಿನ ಆಕಾಶದಿಂದ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಮದುಮಗ ಜಜ್ಜಿಹೋಗ್ತಾನೆ. ಇವತ್ತಿನೋರಿಗೆ ಅದು ಹೆದರಿಸಬೇಕು ಅಂದ್ರೆ ಹೇಗೆ? ಇತಿಹಾಸಕ್ಕೆ ಅದು ಮುಖ್ಯ, ಶುರು ಮಾಡೋಕೆ ಅಲ್ಲ. ಹುಟ್ಟಿದ ವರ್ಷದ ಪ್ರಕಾರ ಓದೋ ಹಟ ಬಿಡಿ.

ಗಾಥಿಕ್‌ಗೆ ದೆವ್ವ, ಕೋಟೆ, ಬಾವಲಿ ಬೇಕೇಬೇಕು ಅಂತಿಲ್ಲ. ಒಂದು ಮನೆ ಇರಬೇಕು, ಆ ಮನೇಲಿ ಹಿಂದೆ ಏನೋ ಆಗಿರಬೇಕು, ಅದರ ಬಗ್ಗೆ ಯಾರೂ ಬಾಯಿ ಬಿಡಬಾರದು, ಮತ್ತೆ ಹೊಸದಾಗಿ ಬಂದೋಳೊಬ್ಬಳು ಅಲ್ಲಿ ಸಿಕ್ಕಿಹಾಕ್ಕೊಂಡಿರಬೇಕು, ಹೆಚ್ಚುಕಮ್ಮಿ ಇಷ್ಟೇ. ಹಾಗಾಗಿ ಡಾಫ್ನೆ ಡು ಮೊರಿಯೆ ಅವರ 'ರೆಬೆಕ್ಕಾ' (1938) ಇಂದ ಶುರು ಮಾಡಿ. ಕಥೆ ಹೇಳೋ ಹುಡುಗಿಗೆ ಕೊನೇವರೆಗೂ ಹೆಸರೇ ಇಲ್ಲ, ಸತ್ತುಹೋಗಿರೋ ಮೊದಲ ಹೆಂಡತಿ ಹೆಸರು ಮಾತ್ರ ಕರವಸ್ತ್ರದ ಮೇಲೆ, ಪುಸ್ತಕದೊಳಗೆ, ಕೆಲಸದೋರ ಬಾಯಲ್ಲಿ ಎಲ್ಲಾ ಕಡೆ. ದೆವ್ವ ಒಂದೂ ಇಲ್ಲ, ಆದ್ರೂ ಆ ಸತ್ತೋಳು ಮನೆ ತುಂಬಾ ಓಡಾಡ್ತಾಳೆ.

ಅದು ಹಿಡಿಸಿದ್ರೆ ಮುಂದಿನದು ಶರ್ಲಿ ಜ್ಯಾಕ್ಸನ್ ಅವರ 'ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದಿ ಕ್ಯಾಸಲ್' (1962). ತೆಳ್ಳಗಿನ ಪುಸ್ತಕ. ಸಕ್ಕರೆ ಡಬ್ಬಿಗೆ ಆರ್ಸೆನಿಕ್ ವಿಷ ಬಿದ್ದು ಒಂದು ಮನೆಯೋರು ಹೆಚ್ಚಿನವರೆಲ್ಲಾ ಊಟದ ಟೇಬಲ್ಲಲ್ಲೇ ಹೋಗಿದಾರೆ, ಅಕ್ಕ ತಂಗಿ ಮತ್ತೆ ಒಬ್ಬ ಚಿಕ್ಕಪ್ಪ ಉಳ್ಕೊಂಡಿದಾರೆ, ಊರು ಅವರನ್ನ ದ್ವೇಷ ಮಾಡುತ್ತೆ. ಹದಿನೆಂಟು ವರ್ಷದ ತಂಗಿ ಕಥೆ ಹೇಳ್ತಾಳೆ, ಎಷ್ಟು ಮುದ್ದಾಗಿ ಹೇಳ್ತಾಳೆ ಅಂದ್ರೆ ಇವಳ ಮಾತಲ್ಲಿ ಏನೋ ಸರಿ ಇಲ್ವಲ್ಲಾ ಅಂತ ಹೊಳೆಯೋಷ್ಟರಲ್ಲಿ ನೀವು ಅವಳ ಕಡೆ ಆಗಿಹೋಗಿರ್ತೀರ. ನನ್ನ ಕೇಳಿದ್ರೆ ಈ ಜಾತಿಯ ಪುಸ್ತಕಗಳಲ್ಲಿ ಇದಕ್ಕಿಂತ ಮೇಲಿನದು ಇಲ್ಲ.

ಆಮೇಲೆ ಬೇಕಾದ್ರೆ ಹಿಂದಕ್ಕೆ ಹೋಗಿ, 1898ರ 'ದಿ ಟರ್ನ್ ಆಫ್ ದಿ ಸ್ಕ್ರೂ', ಹೆನ್ರಿ ಜೇಮ್ಸ್, ವಾಕ್ಯಗಳು ಉದ್ದ, ತಾಳ್ಮೆ ಬೇಕು. ಆನ್ ರ‍್ಯಾಡ್‌ಕ್ಲಿಫ್ ಅವರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' (1794) ತುಂಬಾ ಕೊನೆಗೆ. ನಾಲ್ಕು ಸಂಪುಟದ ಪುಸ್ತಕ, ನಾಯಕಿ ಒಂದು ಕಪ್ಪು ಪರದೆ ಸರಿಸಿ ಹಿಂದೆ ಏನೋ ನೋಡಿ ಮೂರ್ಛೆ ಹೋಗ್ತಾಳೆ, ಏನು ನೋಡಿದ್ಲು ಅಂತ ನಮಗೆ ತಿಳಿಯೋಕೆ ನೂರಾರು ಪುಟ ಕಾಯ್ಬೇಕು. ಅದನ್ನ ಮುಗಿಸಿದೋರಿಗೆ ಜೇನ್ ಆಸ್ಟೆನ್ ಅವರ 'ನಾರ್ಥ್ಯಾಂಗರ್ ಅಬ್ಬೆ' ಬಹುಮಾನ ಇದ್ದ ಹಾಗೆ, ಇಂಥ ಪುಸ್ತಕ ಓದಿ ಓದಿ ತಲೆ ಕೆಡಿಸ್ಕೊಂಡ ಹುಡುಗಿ ಕಥೆ.

ಒಂದು ಮಾತು, ಹಳೇ ಕಾದಂಬರಿಗಳ ಹೊಸ ಮುದ್ರಣ ತಗೊಂಡ್ರೆ ಮುಂದೆ ಹಾಕಿರೋ ಪ್ರೊಫೆಸರ್ ಮುನ್ನುಡಿ ಕೊನೆಗೆ ಓದಿ. ಎಷ್ಟೋ ಮುನ್ನುಡಿಗಳಲ್ಲಿ ಕೊನೆ ಏನು ಅಂತ ಹೇಳೇಬಿಟ್ಟಿರ್ತಾರೆ.

ಪ್ರಶ್ನೆ: ಕ್ರೈಮೂ ಇರ್ಬೇಕು, ಗಾಥಿಕ್ಕೂ ಇರ್ಬೇಕು. ಎರಡೂ ಒಂದೇ ಪುಸ್ತಕದಲ್ಲಿ ಸಿಗುತ್ತಾ?

ಸಿಗುತ್ತಾ ಅಂದ್ರೆ! ಎರಡೂ ಒಂದೇ ಮನೇಲಿ ಹುಟ್ಟಿದ್ದು. ಎಡ್ಗರ್ ಆಲನ್ ಪೋ 1839ರಲ್ಲಿ ಕುಸಿದು ಬೀಳೋ ಅಷರ್ ಮನೆ ಕಥೆ ಬರೆದ, 1841ರಲ್ಲಿ ಡುಪಾನ್ ಅನ್ನೋ ಪತ್ತೇದಾರನ್ನ ತಂದ, ಎರಡೇ ವರ್ಷದ ಅಂತರ, ಬರೆದ ಕೈ ಒಂದೇ.

ನಾನು ಮೊದಲು ಕೊಡೋದು ವಿಲ್ಕಿ ಕಾಲಿನ್ಸ್. 'ದಿ ವುಮನ್ ಇನ್ ವೈಟ್' 1859-60ರಲ್ಲಿ ಡಿಕನ್ಸ್ ನಡೆಸ್ತಿದ್ದ ವಾರಪತ್ರಿಕೇಲಿ ಧಾರಾವಾಹಿಯಾಗಿ ಬಂದಿದ್ದು, ಕೋರ್ಟಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ಹೇಳೋ ಥರ ಕಥೆನ ಹಂಚಿ ಹೇಳಿಸಿದಾನೆ. ಅದರಲ್ಲಿ ಕೌಂಟ್ ಫಾಸ್ಕೊ ಅಂತ ಒಬ್ಬ ದಢೂತಿ ಖಳನಾಯಕ ಇದಾನೆ, ಬಿಳಿ ಇಲಿಗಳನ್ನ ಸಾಕ್ಕೊಂಡು ಮೈಮೇಲೆಲ್ಲಾ ಓಡಾಡಿಸ್ಕೊಂಡಿರ್ತಾನೆ, ಅವನು ಪುಟಕ್ಕೆ ಬಂದ್ರೆ ಬೇರೆಯೋರೆಲ್ಲಾ ಮಂಕಾಗ್ತಾರೆ. 1868ರ 'ದಿ ಮೂನ್‌ಸ್ಟೋನ್' ಶುರುವಾಗೋದೇ 1799ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣಕ್ಕೆ ನುಗ್ಗಿದ ದಿನ. ಟಿಪ್ಪುವಿನ ಕಠಾರಿಯಲ್ಲಿ ಕೂರಿಸಿದ್ದ ಒಂದು ವಜ್ರನ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ಹೊಡ್ಕೊಂಡು ಹೋಗ್ತಾನೆ, ವಜ್ರ ಕಾದಂಬರಿಯದ್ದು, ಮುತ್ತಿಗೆ ಇತಿಹಾಸದ್ದು. ಐವತ್ತು ವರ್ಷ ಆದ್ಮೇಲೆ ಅದು ಇಂಗ್ಲೆಂಡಿನ ಒಂದು ಮನೇಲಿ ರಾತ್ರೋರಾತ್ರಿ ಮಾಯ ಆಗುತ್ತೆ. ಆ ತನಿಖೆಯ ಹಿಂದೆ ಒಂದು ನಿಜವಾದ ಕೇಸಿನ ನೆರಳೂ ಇದೆ: 1860ರಲ್ಲಿ ರೋಡ್ ಅನ್ನೋ ಹಳ್ಳೀಲಿ ಒಂದು ಮಗುವಿನ ಕೊಲೆ ಆಯ್ತು, ಜೊನಾಥನ್ ವಿಚರ್ ಅನ್ನೋ ಪತ್ತೇದಾರ ಕಾಣೆಯಾದ ಒಂದು ರಾತ್ರಿಯುಡುಪಿನ ಆಧಾರದ ಮೇಲೆ ಮನೆ ಹುಡುಗಿಯನ್ನೇ ಅನುಮಾನಿಸಿದ, ಗೌರವಸ್ಥರ ಮಗಳನ್ನ ಹಿಂಗಂತಾನಲ್ಲಾ ಅಂತ ಪತ್ರಿಕೆಗಳು ಅವನ ಮೇಲೇ ಬಿದ್ದವು, 1865ರಲ್ಲಿ ಅವಳು ಒಪ್ಕೊಂಡಳು. ಇಷ್ಟು ಗೊತ್ತಿಟ್ಟುಕೊಂಡು ಓದಿದ್ರೆ ಕಾದಂಬರಿಯ ಪತ್ತೇದಾರ ಸಾರ್ಜೆಂಟ್ ಕಫ್ ಅನ್ನೋ ಪಾತ್ರ ಬೇರೆ ಥರನೇ ಕಾಣುತ್ತೆ.

ಶೆರಿಡನ್ ಲೆ ಫಾನು ಅವರ 'ಅಂಕಲ್ ಸೈಲಸ್' (1864) ಅಷ್ಟಾಗಿ ಯಾರೂ ಹೇಳಲ್ಲ, ಯಾಕೋ ಗೊತ್ತಿಲ್ಲ. ಅಪ್ಪ ತೀರ್ಕೊಂಡ ಹುಡುಗಿ, ಆಸ್ತಿ ಅವಳದ್ದು, ಅವಳು ಚಿಕ್ಕ ವಯಸ್ಸಲ್ಲೇ ಸತ್ತರೆ ಎಲ್ಲಾ ಚಿಕ್ಕಪ್ಪನಿಗೆ, ಅಪ್ಪ ಉಯಿಲಲ್ಲಿ ಅವಳನ್ನ ಕಳಿಸಿರೋದು ಅದೇ ಚಿಕ್ಕಪ್ಪನ ಮನೆಗೆ, ಆ ಮನೇಲಿ ಹಿಂದೆ ಒಳಗಿಂದ ಬೀಗ ಹಾಕಿದ್ದ ಕೋಣೇಲಿ ಒಬ್ಬ ಸತ್ತಿದ್ದ. ಇನ್ನೇನು ಬೇಕು?

ಹೊಸ ಕಾಲದೋರಲ್ಲಿ ಉಂಬರ್ಟೊ ಎಕೊ, 'ದಿ ನೇಮ್ ಆಫ್ ದಿ ರೋಸ್' (1980). 1327ರ ಇಟಲಿಯ ಒಂದು ಮಠ, ಏಳು ದಿನ, ಒಬ್ಬೊಬ್ಬರೇ ಸನ್ಯಾಸಿಗಳು ಸಾಯ್ತಾರೆ, ಯಾರನ್ನೂ ಒಳಗೆ ಬಿಡದ ಒಂದು ಲೈಬ್ರರಿ ಇದೆ. ಮೊದಲ ನೂರು ಪುಟ ಕಷ್ಟ, ಅದನ್ನ ಕಮ್ಮಿ ಮಾಡಿ ಅಂತ ಅಂದೋರಿಗೆ ಎಕೊ ಒಪ್ಪಲಿಲ್ಲ, ಮಠಕ್ಕೆ ಬರೋರು ಅಷ್ಟು ತಪಸ್ಸು ಮಾಡ್ಲಿ ಅನ್ನೋ ಧಾಟೀಲಿ ಉತ್ತರ ಕೊಟ್ಟಿದ್ದ. ದಾಟ್ಕೊಳ್ಳಿ. ಸಾರಾ ವಾಟರ್ಸ್ ಅವರ 'ಫಿಂಗರ್‌ಸ್ಮಿತ್' (2002) ಬಗ್ಗೆ ಒಂದಕ್ಷರ ಹೇಳಿದ್ರೂ ತಪ್ಪು, ಹಿಂದಿನ ಕವರ್ ಕೂಡ ಓದಬೇಡಿ. ಜಪಾನಿನ ಸೆಯಿಶಿ ಯೊಕೊಮಿಝೊ ಅವರ 'ದಿ ಹೊಂಜಿನ್ ಮರ್ಡರ್ಸ್' ಚಿಕ್ಕದು, ಮದುವೆ ರಾತ್ರಿ, ಹಿಮ, ಕತ್ತಲಲ್ಲಿ ತಂತಿವಾದ್ಯದ ಸದ್ದು, ಬೀಗ ಹಾಕಿದ ಮನೆ. ಮೊದಲನೇ ಪ್ರಶ್ನೆ ಕೇಳಿದೋರೂ ಇದನ್ನ ಬರ್ಕೊಳ್ಳಿ.

ಪ್ರಶ್ನೆ: ನಮ್ಮ ಓದುಗರ ಗುಂಪಲ್ಲಿ ಅರ್ಧ ಜನಕ್ಕೆ ರಕ್ತ, ಹೆಣ ಅಂದ್ರೆ ಆಗಲ್ಲ, ಇನ್ನರ್ಧಕ್ಕೆ ಕೊಲೆ ಇಲ್ಲದಿದ್ರೆ ನಿದ್ದೆ ಬರುತ್ತೆ. ಎಲ್ಲರೂ ಸೇರಿ ಓದಿ ಮಾತಾಡೋಕೆ ಒಂದೇ ಒಂದು ಪುಸ್ತಕ?

ಹೆಣ ಬೇಡ ಅನ್ನೋರಿಗಂತ ಜೋಸೆಫಿನ್ ಟೇ ಅವರ 'ದಿ ಡಾಟರ್ ಆಫ್ ಟೈಮ್' (1951) ಇದೆ, ಆಸ್ಪತ್ರೆ ಹಾಸಿಗೇಲಿ ಮಲಗಿರೋ ಪೊಲೀಸಿನವನು ಮೂರನೇ ರಿಚರ್ಡ್ ರಾಜನ ಮೇಲಿರೋ ನೂರಾರು ವರ್ಷದ ಹಳೇ ಕೊಲೆ ಆರೋಪನ ಪುಸ್ತಕ ತರಿಸ್ಕೊಂಡೇ ತನಿಖೆ ಮಾಡ್ತಾನೆ. ಆದ್ರೆ ಇನ್ನರ್ಧ ಜನ ಇಂಗ್ಲೆಂಡ್ ರಾಜರ ಹೆಸರುಗಳಲ್ಲೇ ಕಳೆದುಹೋಗ್ತಾರೆ.

ಒಂದೇ ಅಂದ್ರೆ 'ಮೈ ಕಸಿನ್ ರೇಚಲ್', 1951, ಇದೂ ಡು ಮೊರಿಯೆ ಅವರದ್ದೇ. ಸಾಕಿ ಬೆಳೆಸಿದ ಕಸಿನ್ ಅಣ್ಣ ಇಟಲೀಲಿ ಮದುವೆ ಆಗಿ ಅಲ್ಲೇ ಸಾಯ್ತಾನೆ, ಸಾಯೋ ಮುಂಚೆ ಹೆಂಡತಿ ಮೇಲೆ ಅನುಮಾನದ ಕಾಗದಗಳನ್ನ ಬರೆದಿರ್ತಾನೆ, ಆಮೇಲೆ ಆ ಹೆಂಡತಿ ತಮ್ಮನ ಮನೆಗೇ ಬರ್ತಾಳೆ, ಅವಳನ್ನ ದ್ವೇಷ ಮಾಡ್ಬೇಕು ಅಂತ ಕಾದು ಕೂತಿದ್ದ ಹುಡುಗ ಅವಳಿಗೇ ಸೋತುಹೋಗ್ತಾನೆ. ಅವಳು ವಿಷ ಹಾಕೋಳೋ ಅಥವಾ ಪಾಪದೋಳೋ, ಪುಸ್ತಕ ಕೊನೇವರೆಗೂ ಹೇಳಲ್ಲ, ಇದು ಮುಂಚೆ ಗೊತ್ತಿದ್ರೂ ಏನೂ ಹಾಳಾಗಲ್ಲ. ಸೇರೋ ದಿನ ಮಾತು ಶುರು ಮಾಡೋ ಮುಂಚೆ ಎಲ್ಲರ ಕೈಲೂ ಒಂದೊಂದು ಚೀಟಿ ಕೊಟ್ಟು ಅವಳು ಮಾಡಿದ್ಲಾ ಇಲ್ವಾ ಅಂತ ಬರೆಸ್ಕೊಂಡು ಮಡಚಿ ಇಟ್ಕೊಳ್ಳಿ, ಇಲ್ಲಾಂದ್ರೆ ಜೋರು ಬಾಯಿ ಇರೋರು ಹೇಳಿದ್ದಕ್ಕೆ ಉಳಿದೋರು ತಲೆ ಆಡಿಸ್ಬಿಡ್ತಾರೆ. ಚರ್ಚೆ ಮುಗಿದ ಮೇಲೆ ಇನ್ನೊಂದು ಸಲ ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.