ರಾತ್ರಿ ಎರಡು ಗಂಟೆಯ ಎಚ್ಚರ

ಪ್ರಶ್ನೆ: ನನಗೆ 49 ವರ್ಷ. ನಮ್ಮ ಯಜಮಾನರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್ ಮುಗಿದು, ಈಗ ಕೀಮೋಥೆರಪಿ ನಡೆಯುತ್ತಿದೆ. ಹಗಲು ಓಡಾಟದಲ್ಲಿ ಕಳೆದುಹೋಗುತ್ತದೆ. ರಾತ್ರಿ ಹತ್ತಕ್ಕೆ ಮಲಗಿದರೆ ಎರಡು ಗಂಟೆಗೆ ಎಚ್ಚರವಾಗುತ್ತದೆ. ಅವರ ಉಸಿರಿಗೆ ಕಿವಿಗೊಡುತ್ತೇನೆ, ಹಣೆ ಮುಟ್ಟಿ ನೋಡುತ್ತೇನೆ, ಆಮೇಲೆ ಮೊಬೈಲಿನಲ್ಲಿ ಅದೇ ಕಾಯಿಲೆಯ ಬಗ್ಗೆ ಓದುತ್ತಾ ಬೆಳಗು ಮಾಡುತ್ತೇನೆ. ನಾದಿನಿ ತಾನು ತೆಗೆದುಕೊಳ್ಳುವ, ಆತಂಕ ತಗ್ಗಿಸಿ ನಿದ್ದೆ ತರಿಸುವ ಆಲ್ಪ್ರಜೋಲಾಮ್ ಮಾತ್ರೆಗಳನ್ನು ತಂದುಕೊಟ್ಟು, ಅರ್ಧ ನುಂಗಿ ಮಲಗಿ ಎಂದಿದ್ದಾಳೆ. ಇನ್ನೂ ನುಂಗಿಲ್ಲ. ಎಲ್ಲರೂ ಧೈರ್ಯವಾಗಿರಿ ಎನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ರಾಜಾಜಿನಗರ, ಬೆಂಗಳೂರು

ಉತ್ತರ: ಧೈರ್ಯವಾಗಿರಿ ಎನ್ನುವ ಮಾತಿನಿಂದ ಹೇಳಿದವರಿಗೆ ಸಮಾಧಾನವಾಗುತ್ತದೆಯೇ ಹೊರತು ಕೇಳಿದವರಿಗೆ ನಿದ್ದೆ ಬರುವುದಿಲ್ಲ. ನಿಮ್ಮಲ್ಲಿ ಧೈರ್ಯ ಕಡಿಮೆಯಾಗಿಲ್ಲ. ನಿಮ್ಮ ಮನಸ್ಸು ಕಾವಲು ಕೂತಿದೆ. ಗಾಢನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಮುಗಿದು, ಅನಂತರದ ನಿದ್ದೆ ತೆಳುವಾಗುವುದರಿಂದ, ಕಾವಲಿಗೆ ಕೂತ ಮನಸ್ಸು ಆ ಹೊತ್ತಿನಲ್ಲಿ ಸುಲಭವಾಗಿ ಎಚ್ಚರಗೊಳ್ಳುತ್ತದೆ. ಆದ್ದರಿಂದ ನಿದ್ದೆಯನ್ನು ಬಲವಂತವಾಗಿ ಕರೆಯುವುದಕ್ಕಿಂತ, ಈ ಕಾವಲಿನ ಕೆಲಸವನ್ನು ಹಗಲಿಗೆ ವರ್ಗಾಯಿಸುವುದು ಹೇಗೆಂದು ನೋಡೋಣ.

ಹಣೆ ಮುಟ್ಟುವುದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಭಯಕ್ಕೆ ಆಧಾರವಿದೆ. ಕೀಮೋ ಪಡೆಯುವವರಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕು ಬೇಗ ಬಲಿಯಬಹುದಾದ ಕಾರಣ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು. ಆದರೆ ಆ ಅಂಕಿಯನ್ನು ಅಂಗೈ ಹೇಳಲಾರದು. ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡು, ಮಲಗುವ ಮುನ್ನ ಒಮ್ಮೆ ನೋಡಿ ಬರೆದಿಡಿ. ಚಳಿ, ನಡುಕ ಬಂದರೆ ತಕ್ಷಣ ಎಬ್ಬಿಸಬೇಕೆಂದು ಯಜಮಾನರಿಗೆ ಹೇಳಿಡಿ. ಕೀಮೋದ ಮುಂದಿನ ಸುತ್ತಿಗೆ ಹೋದಾಗ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಕರೆತರಬೇಕು ಎಂದು ಕೇಳಿಕೊಂಡು, ಜ್ವರದ ಅಂಕಿಯನ್ನೂ ಫೋನ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಇಷ್ಟಾದ ಮೇಲೆ ಎರಡು ಗಂಟೆಗೆ ನೀವು ಲೆಕ್ಕ ಹಾಕಬೇಕಾದದ್ದು ಬಹಳ ಉಳಿಯುವುದಿಲ್ಲ.

ಉಳಿದ ಚಿಂತೆಗಳಿಗೆ ಸಂಜೆ ಆರರ ಸುಮಾರಿಗೆ ಇಪ್ಪತ್ತು ನಿಮಿಷ ಮೀಸಲಿಟ್ಟು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ವಿಮೆಯ ಕಾಗದ, ಮುಂದಿನ ಸ್ಕ್ಯಾನ್, ಮನೆ ಬಾಡಿಗೆ ಇವಕ್ಕೆಲ್ಲ ಮರುದಿನ ಮಾಡಬೇಕಾದ ಒಂದೊಂದು ಕೆಲಸವಿರುತ್ತದೆ. ಅದನ್ನು ಪಕ್ಕದಲ್ಲೇ ಗುರುತಿಸಿ. ಇವರಿಗೇನಾದರೂ ಆದರೆ ಎಂಬುದಕ್ಕೆ ಮಾತ್ರ ಎದುರು ಬರೆಯುವಂಥ ಕೆಲಸವಿಲ್ಲ. ಅದನ್ನು ಆಡಿಯೇ ಹಗುರಾಗಬೇಕು, ಸಾಧ್ಯವಾದರೆ ಅವರೊಂದಿಗೇ. ಒಂದೇ ಮಂಚದಲ್ಲಿ ಗಂಡ ಹೆಂಡತಿ ಇಬ್ಬರೂ ಎಚ್ಚರವಿದ್ದು, ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದು ಗೋಡೆಯ ಕಡೆ ತಿರುಗಿ ನಿದ್ದೆಯ ನಟನೆ ಮಾಡುವುದನ್ನು ನಾನು ಎಷ್ಟೋ ಮನೆಗಳ ವಿಷಯದಲ್ಲಿ ಕೇಳಿದ್ದೇನೆ. ಮೊಬೈಲನ್ನಂತೂ ಮಂಚದಿಂದ ದೂರವಿಡಿ, ಆಸ್ಪತ್ರೆಯ ಕರೆಗಾಗಿ ಗಂಟೆ ಮಾತ್ರ ಕೇಳಿಸುವಷ್ಟು. ಅಲ್ಲಿ ಕಾಣುವ ಶೇಕಡಾವಾರು ಲೆಕ್ಕ ಸಾವಿರಾರು ಜನರದ್ದು. ನಿಮ್ಮ ಯಜಮಾನರ ಸ್ಥಿತಿಯನ್ನು ಅವರ ವರದಿ ನೋಡಿದ ವೈದ್ಯರನ್ನೇ ಕೇಳಿ.

ಎಚ್ಚರವಾಗಿ ಇಪ್ಪತ್ತು ನಿಮಿಷವಾಯಿತು ಎನಿಸಿದರೆ, ಗಡಿಯಾರ ನೋಡದೆ, ಎದ್ದು ಹಾಲ್‌ಗೆ ಬನ್ನಿ. ಮಂದ ದೀಪದಲ್ಲಿ ಬೆಳ್ಳುಳ್ಳಿ ಬಿಡಿಸಿ. ಅವರೆಕಾಯಿ ಕಾಲವಾದರೆ ನೆನೆಸಿಟ್ಟ ಕಾಳನ್ನು ಹಿತುಕಿ. ತಮಾಷೆಗೆ ಹೇಳುತ್ತಿಲ್ಲ, ಕೈಗೆ ಕೆಲಸವಿದ್ದು ತಲೆಗೆ ಇಲ್ಲದಿರುವುದೇ ಆ ಹೊತ್ತಿಗೆ ಬೇಕಾದದ್ದು. ತೂಕಡಿಕೆ ಬಂದ ಮೇಲೆಯೇ ಹಾಸಿಗೆಗೆ ಹೋಗಿ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಮಲಗುವುದನ್ನು ಹತ್ತರ ಬದಲು ಹನ್ನೊಂದಕ್ಕೆ ತಳ್ಳಿ ನೋಡಿ. ಸಂಜೆ ಐದರ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ, ಹಾಗಾಗಿ ಮಧ್ಯಾಹ್ನದ ಊಟದ ನಂತರದ್ದೇ ಕೊನೆಯ ಲೋಟವಾಗಲಿ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಹಂತದ ಮೈಬಿಸಿ, ಬೆವರು ಕೂಡ ನಡುರಾತ್ರಿ ಎಬ್ಬಿಸಬಹುದು. ಎಲ್ಲವನ್ನೂ ಚಿಂತೆಯ ಲೆಕ್ಕಕ್ಕೆ ಬರೆಯದೆ ನಿಮ್ಮ ವೈದ್ಯರಿಗೆ ಅದನ್ನೂ ತಿಳಿಸಿ.

ಕೆಲವು ವಾರ ಹೀಗೆ ನಡೆದುಕೊಂಡೂ ನಿದ್ದೆ ಕೂಡದಿದ್ದರೆ, ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ದಾಟಿದರೆ, ಮನೋವೈದ್ಯರನ್ನು ನೋಡಿ. ನಿಮ್ಮ ಊರಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಅದು ಉಚಿತ.

ಇನ್ನು ಆ ಮಾತ್ರೆ. ಅದು ನಾದಿನಿಗೆ ಅವರ ವೈದ್ಯರು ಕೊಟ್ಟದ್ದು, ನಿಮಗಲ್ಲ. ಯಜಮಾನರು ನಡುರಾತ್ರಿ ಕರೆದರೆ ನೀವು ಮಂಪರಿನಲ್ಲಿರಬಹುದು; ಕೆಲವು ವಾರ ದಿನವೂ ನುಂಗಿದರೆ ದೇಹ ಅದಕ್ಕೆ ಒಗ್ಗಿಹೋಗಿ, ಥಟ್ಟನೆ ಬಿಟ್ಟಾಗ ತಳಮಳ ಇನ್ನೂ ಹೆಚ್ಚುತ್ತದೆ. ಬೇಕೇಬೇಕೆನಿಸಿದರೆ ನಿಮ್ಮ ವೈದ್ಯರು ನಿಮ್ಮನ್ನು ಪರೀಕ್ಷಿಸಿ, ಎಷ್ಟು ದಿನಕ್ಕೆಂದು ನಿಗದಿಮಾಡಿ ಬರೆದುಕೊಡಲಿ. ಆದರೆ ನಾದಿನಿಯ ಅಕ್ಕರೆಯನ್ನು ಕಳೆದುಕೊಳ್ಳಬೇಡಿ. ಮಾತ್ರೆಗಳನ್ನು ಹಿಂದಿರುಗಿಸುವಾಗಲೇ, ವಾರಕ್ಕೊಂದು ರಾತ್ರಿ ಬಂದು ಅಣ್ಣನ ಕೋಣೆಯಲ್ಲಿ ಮಲಗಲು ಸಾಧ್ಯವೇ ಎಂದು ಕೇಳಿ. ಆ ರಾತ್ರಿ ಥರ್ಮಾಮೀಟರನ್ನು ಅವರ ಕೈಗೆ ಕೊಟ್ಟು, ಫ್ರಿಜ್ ಮೇಲಿನ ಚೀಟಿ ತೋರಿಸಿ, ನೀವು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ.