ಬಣ್ಣ ತಿರುಗಿಸಿದರೆ ಒಂದು ನಡೆ ಲಾಭವೇ?

ಪ್ರಶ್ನೆ: ನಾನು ಚೆಸ್‌ನಲ್ಲಿ ಕಪ್ಪು ಕಾಯಿ ಬಂದರೆ ಯಾವಾಗಲೂ ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಅನ್ನುವ ಓಪನಿಂಗ್ ಆಡುತ್ತೇನೆ, ಚೆನ್ನಾಗಿಯೇ ಗೆಲ್ಲುತ್ತೇನೆ. ಅದನ್ನೇ ಬಿಳಿಯಲ್ಲಿ ಆಡಿದರೆ ಒಂದು ನಡೆ ಜಾಸ್ತಿ ಸಿಗುತ್ತದಲ್ಲ, ಇನ್ನೂ ಸುಲಭವಾಗಬೇಕು ಅಂದುಕೊಂಡೆ. ಆದರೆ ಮೈಸೂರಿನ ಟೂರ್ನಮೆಂಟಿನಲ್ಲಿ ಬಿಳಿಯಲ್ಲಿ ಬರೀ ಡ್ರಾ, ಇಲ್ಲವೇ ಸೋಲು. ಯಾಕೆ ಹೀಗೆ?
— ಪಿಯುಸಿ ವಿದ್ಯಾರ್ಥಿ, ಮಂಡ್ಯ

ಉತ್ತರ: ನಿಮ್ಮ ಲೆಕ್ಕ ಸರಿಯಾಗೇ ಇದೆ. ಆದರೆ ಎದುರಿಗೆ ಕೂತವನು ನಿಮ್ಮ ಲೆಕ್ಕದ ಪ್ರಕಾರ ಆಡಬೇಕಲ್ಲ?

ಕಪ್ಪಿನಲ್ಲಿ ನೀವು ಗೆಲ್ಲುವುದು ಹೇಗೆ ಅಂತ ಯೋಚಿಸಿ. ಬಿಳಿಯವನು ಸಿ4, ಡಿ4, ಇ4 (ಅಕ್ಷರ ಮನೆಯ ಉದ್ದಸಾಲು, ಅಂಕಿ ಅಡ್ಡಸಾಲು) ಅಂತ ಮೂರು ಪಾನ್ (ಕಾಲಾಳು) ಮುಂದಿಟ್ಟು ದೊಡ್ಡ ಸೆಂಟರ್ ಕಟ್ಟುತ್ತಾನೆ. ನೀವು ಒಂಟೆಯನ್ನು ಜಿ7ರಲ್ಲಿ ಕೂರಿಸಿ, ಕ್ಯಾಸಲ್ ಮಾಡಿ (ಒಂದೇ ನಡೆಯಲ್ಲಿ ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತಂದು), ಇ5 ಅಂತ ಕುಟ್ಟುತ್ತೀರಿ. ಅವನು ಡಿ5 ಆಡಿ ನಡುವನ್ನು ಮುಚ್ಚಿದರೆ ಎಫ್5, ಎಫ್4, ಜಿ5 ಅಂತ ರಾಜನ ಮೇಲೆ ನುಗ್ಗುತ್ತೀರಿ, ಅವನು ಆ ಕಡೆ ಸಿ5 ಅಂತ ನುಗ್ಗುತ್ತಾನೆ, ಯಾರು ಮೊದಲು ತಲುಪುತ್ತಾರೋ ಅವರದೇ ಆಟ. ಅಂದರೆ ನಿಮ್ಮ ದಾಳಿಗೆ ಗುರಿ ಕೊಡುವವನೇ ಅವನು.

ಈಗ ಬಣ್ಣ ತಿರುಗಿಸಿ. ಕುದುರೆ ಎಫ್3, ಜಿ3, ಒಂಟೆ ಜಿ2, ಕ್ಯಾಸಲಿಂಗ್, ಡಿ3, ಇ4. ಇದಕ್ಕೆ ಕಿಂಗ್ಸ್ ಇಂಡಿಯನ್ ಅಟ್ಯಾಕ್ ಅನ್ನುತ್ತಾರೆ. ಎದುರಾಳಿ ಸಿ5, ಡಿ5, ಇ5 ಮೂರನ್ನೂ ಇಟ್ಟು ಆಮೇಲೆ ಡಿ4 ಅಂತ ಮುಚ್ಚಿದರೆ ಹಬ್ಬ! ಅದೇ ಓಟದಲ್ಲಿ ನೀವು ಒಂದು ಹೆಜ್ಜೆ ಮುಂದೆ, ಆ ಓಟದಲ್ಲಿ ಒಂದು ಹೆಜ್ಜೆ ಅಂದರೆ ಬಹಳ. ಆದರೆ ಸ್ವಲ್ಪ ತಿಳಿದವನು ಹಾಗೆ ಆಡುವುದೇ ಇಲ್ಲ. ನೀವು ಏನು ಕಟ್ಟುತ್ತಿದ್ದೀರಿ ಅಂತ ಅವನಿಗೆ ಕಾಣುತ್ತಿದೆ, ಅವನು ಇನ್ನೂ ಏನೂ ಹೇಳಿಲ್ಲ. ಸುಮ್ನೆ ಇ6ರಲ್ಲಿ ಪಾನ್ ಇಟ್ಟು ಕೂರುತ್ತಾನೆ. ನೀವು ಹೊಡೆಯಬೇಕು ಅಂದುಕೊಂಡ ಸೆಂಟರ್ ಅಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ಡಿಫೆನ್ಸ್ ಅನ್ನುವುದು ಸಮಬಲಕ್ಕೆ ಬರಲು ಮಾಡಿಕೊಂಡ ಏರ್ಪಾಡು. ಸಮಬಲಕ್ಕೆ ಒಂದು ನಡೆ ಸೇರಿಸಿದರೆ ಸಿಗುವುದು ಸಮಬಲಕ್ಕಿಂತ ಒಂಚೂರು ಮೇಲು, ಅಷ್ಟೇ. ದೊಡ್ಡ ಆಟಗಾರರ ಆಟಗಳಲ್ಲೂ ಬಿಳಿಗೆ ಬರುವುದು ಸುಮಾರು 54-55 ಶೇಕಡಾ ಅಂಕ. ಪೂರ್ತಿ ಮುಚ್ಚಿದ ಪೊಸಿಷನ್‌ನಲ್ಲಿ ಆ ಒಂಚೂರೂ ಕರಗಿಹೋಗಬಹುದು. ಬಸ್ ಸ್ಟ್ಯಾಂಡಿಗೆ ಬೇಗ ಹೋದರೂ ಬಸ್ಸು ಹೊರಡುವುದು ಅದರ ಟೈಮಿಗೇ ಅಲ್ವಾ.

ಹಾಗಂತ ಕಿಂಗ್ಸ್ ಇಂಡಿಯನ್ ಅಟ್ಯಾಕ್ ಬಿಡಬೇಡಿ. ಅದನ್ನು ತಿರುಗಿಸಿದ ಡಿಫೆನ್ಸ್ ಅಂತ ಆಡಬೇಡಿ, ಅಷ್ಟೇ. ಬಾಬಿ ಫಿಶರ್ 1967ರಲ್ಲಿ ಸೂಸ್ ಇಂಟರ್‌ಝೋನಲ್‌ನಲ್ಲಿ (ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಟೂರ್ನಮೆಂಟ್) ಮಂಗೋಲಿಯಾದ ಮ್ಯಾಗ್ಮಾರ್ಸುರೆನ್ ವಿರುದ್ಧ ಆಡಿದ ಆಟ ತೆಗೆದು ನೋಡಿ. ಕಪ್ಪು ಇ6 ಇಟ್ಟು ಕೂತಿತ್ತು. ಫಿಶರ್ ಇ5 ತಳ್ಳಿ ಕಪ್ಪಿನ ಕುದುರೆಯನ್ನು ರಾಜನ ಪಕ್ಕದಿಂದ ಎಬ್ಬಿಸಿದರು, ಎಚ್4 ತಂದರು, ಕುದುರೆಯನ್ನು ಎಫ್1ರ ದಾರಿಯಲ್ಲಿ ಸುತ್ತಿಸಿದರು, ಕೊನೆಗೆ ರಾಣಿಯನ್ನೇ ಎಚ್7ರಲ್ಲಿ ಕೊಟ್ಟು ಮುಗಿಸಿದರು. ನೀವು ಕಪ್ಪಿನಲ್ಲಿ ಆಡುವ ಎಫ್5 ಪ್ಲಾನ್ ಅಲ್ಲಿ ಎಲ್ಲೂ ಇಲ್ಲ. ಕಾಯಿಗಳ ಜಾಗ ಅದೇ, ಕೆಲಸ ಬೇರೆ.

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ನಮ್ಮೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು ಅಂತ ಕೇಳಿದಾಗಿನಿಂದ ಅವಳಿಗೆ ಚೆಸ್ ಹುಚ್ಚು. ಕಪ್ಪಿನಲ್ಲಿ ಡಚ್ ಡಿಫೆನ್ಸ್ (ಬಿಳಿಯ ಡಿ4ಗೆ ಎಫ್5) ಆಡುತ್ತಾಳೆ. ಬಿಳಿಯಲ್ಲಿ ಅದನ್ನೇ ಎಫ್4 ಅಂತ ಶುರುಮಾಡಿ ಬೇಗಬೇಗ ಸೋತು ಬರುತ್ತಾಳೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬೇಗಬೇಗ ಅಂದರೆ ಎದುರಾಳಿ ಮೊದಲ ನಡೆಗೇ ಇ5 ಅಂತ ಪಾನ್ ಕೊಡುತ್ತಿರಬೇಕು. ಇದು ಫ್ರಾಮ್ಸ್ ಗ್ಯಾಂಬಿಟ್ (ಗ್ಯಾಂಬಿಟ್ ಅಂದರೆ ದಾಳಿಗಾಗಿ ಶುರುವಿನಲ್ಲೇ ಕಾಯಿ ಬಿಟ್ಟುಕೊಡುವುದು). ಅವಳು ತಿಂದರೆ ಡಿ6, ಮತ್ತೆ ತಿಂದರೆ ಕಪ್ಪು ಒಂಟೆ ಡಿ6ಕ್ಕೆ ಬಂದು ಕೂರುತ್ತದೆ. ಆಗ ಅವಳು ಸುಮ್ನೆ ರಾಣಿ ಕಡೆಯ ಕುದುರೆ ತೆಗೆದರೆ ರಾಣಿ ಎಚ್4ಕ್ಕೆ ಬಂದು ಚೆಕ್, ಜಿ3 ಅಂದರೆ ಅಲ್ಲೇ ಹೊಡೆದು ಆರನೇ ನಡೆಯೊಳಗೆ ಮೇಟ್. ಡಚ್‌ನಲ್ಲಿ ಬಿಳಿಯವರು ಮೊದಲೇ ಡಿ4 ಆಡಿರುತ್ತಾರೆ, ಹಾಗಾಗಿ ಅವರಿಗೆ ಈ ದಾರಿ ಸಿಗುವುದಿಲ್ಲ. ಇಲ್ಲಿ ಕಪ್ಪಿನ ಡಿ ಪಾನ್ ಇನ್ನೂ ಮನೆಯಲ್ಲೇ ಇದೆ. ಮಗಳಿಗೆ ಎರಡು ಮಾತು ಹೇಳಿ. ತಿಂದರೆ ನಾಲ್ಕನೇ ನಡೆ ಕುದುರೆ ಎಫ್3, ಬೇರೆ ಯೋಚನೆ ಬೇಡ. ತಿನ್ನಲು ಭಯವಾದರೆ ಎರಡನೇ ನಡೆಗೆ ಇ4 ಆಡಲಿ, ಆಟ ಕಿಂಗ್ಸ್ ಗ್ಯಾಂಬಿಟ್ ಆಗುತ್ತದೆ. ಮಕ್ಕಳಿಗೆ ಅದೂ ಒಳ್ಳೆಯದೇ.

ಪ್ರಶ್ನೆ: ಬಿಳಿ ಸಿ4, ಕಪ್ಪು ಇ5 ಅಂದರೆ ತಿರುಗಿಸಿದ ಸಿಸಿಲಿಯನ್ (ಸಿಸಿಲಿಯನ್‌ನಲ್ಲಿ ಬಿಳಿ ಇ4, ಕಪ್ಪು ಸಿ5). ಕಪ್ಪಿನವರು ಒಂದು ನಡೆ ಹಿಂದಿದ್ದರೂ ಡಿ5 ಅಂತ ಆಟ ತೆರೆಯುತ್ತಾರಲ್ಲ, ಧೈರ್ಯವೇ?
— ನಿವೃತ್ತ ಮೇಷ್ಟ್ರು, ಶ್ರೀರಂಗಪಟ್ಟಣ

ಉತ್ತರ: ಧೈರ್ಯಕ್ಕಿಂತ ಹಿಡಿತ ಅನ್ನಿ ಮೇಷ್ಟ್ರೇ. 2018ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ ನಾಲ್ಕನೇ ಆಟದಲ್ಲಿ ಕಾರ್ಲ್‌ಸನ್ ವಿರುದ್ಧ ಕರುವಾನಾ ಹೀಗೇ ಡಿ5 ಆಡಿದರು, ಆಟ ಡ್ರಾ ಆಯಿತು. ಆದರೆ ಡಿ5 ಆಡಿದವರು ಸಿಸಿಲಿಯನ್‌ನ ಬಿಳಿಯವರ ಹಾಗೆ ದೊಡ್ಡ ಕ್ಯಾಸಲಿಂಗ್ (ರಾಣಿ ಕಡೆಗೆ) ಮಾಡಿ ಜಿ, ಎಚ್ ಪಾನ್ ಓಡಿಸಲು ಹೋಗುವುದು ಕಮ್ಮಿ. ತೆರೆದ ಆಟದಲ್ಲಿ ಒಂದು ನಡೆ ಹಿಂದಿದ್ದು ದಾಳಿಗೆ ಇಳಿದರೆ ಏಟು ಜೋರು. ಒಂಟೆ ಇ7, ಸಣ್ಣ ಕ್ಯಾಸಲಿಂಗ್ ಅಂತ ತಣ್ಣಗೆ ಆಡುತ್ತಾರೆ.

ಪ್ರಶ್ನೆ: ಕಿಂಗ್ಸ್ ಇಂಡಿಯನ್ ಅಟ್ಯಾಕ್‌ನಲ್ಲಿ ಆ ಜಾಸ್ತಿ ನಡೆಯನ್ನು ಎಚ್3ಕ್ಕೆ ಖರ್ಚು ಮಾಡಬಹುದಾ?
— ಓದುಗ, ಮದ್ದೂರು

ಉತ್ತರ: ಬೇಡ. ಮುಂದೆ ಎಚ್4 ಬೇಕಾಗುತ್ತದೆ, ಆಗ ಒಂದೇ ಪಾನಿಗೆ ಎರಡು ನಡೆ ಹೋಗಿ ಲಾಭವೆಲ್ಲ ಅಲ್ಲೇ ಖಾಲಿ. ಆನೆಯನ್ನು ಇ1ಕ್ಕೆ ತನ್ನಿ. ಎದುರಾಳಿ ಬಿ5 ತಳ್ಳಲು ತಯಾರಾಗಿದ್ದರೆ ಎ4 ಆಡಿ.