ಡೀಸೆಲ್ ಲಾರಿಗೆ ನೀರಿನ ಸ್ಪ್ರೇ: ಹೊಡೆಸೋದು ಸುಲಭ, ನಿಲ್ಲಿಸೋದೇ ಕಷ್ಟ

ಪ್ರಶ್ನೆ: ನಮ್ಮದು 2009ರ ಮಾಡೆಲ್ ಲಾರಿ. ಆರು ಸಿಲಿಂಡರ್, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ), ಇಂಟರ್‌ಕೂಲರ್ (ಆ ಗಾಳಿಯನ್ನು ತಣ್ಣಗೆ ಮಾಡುವ ಜಾಳಿಗೆ) ಇದೆ. ಡೀಸೆಲ್ ಪಂಪ್ ಹಳೇ ಮೆಕ್ಯಾನಿಕಲ್ ಥರದ್ದು. ಗದಗದಿಂದ ಈರುಳ್ಳಿ ಲೋಡ್ ಮಾಡಿ ಕರಾವಳಿಗೆ ಹೋಗುತ್ತೇವೆ. ವಾಪಸ್ ಲೋಡ್ ಹೊತ್ತು ಅರಬೈಲ್ ಘಟ್ಟ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಕಪ್ಪು ಹೊಗೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಪರಿಚಯದ ಮಿಸ್ತ್ರಿ ಒಬ್ಬರು ಒಂದು ಉಪಾಯ ಹೇಳಿದ್ದಾರೆ. ಕ್ಯಾಬಿನ್ ಹಿಂದೆ 20 ಲೀಟರ್ ಕ್ಯಾನ್ ಕಟ್ಟುವುದು. ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಬ್ಯಾಟರಿ ಪಂಪಿನ ಮೋಟರ್ ಹಾಕುವುದು. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸಿನಲ್ಲಿ ನಾಜಲ್ ಕೂರಿಸಿ ನೀರು ಹೊಡೆಸುವುದು. ಕ್ಯಾಬಿನ್ ಒಳಗೆ ಒಂದು ಸ್ವಿಚ್. ಇಂಜಿನ್ ತಣ್ಣಗಿರುತ್ತದೆ, ಮೈಲೇಜೂ ಒಂದು ಕಿಲೋಮೀಟರ್ ಜಾಸ್ತಿ ಬರುತ್ತದೆ ಅಂತಾರೆ. ಮಾಡಿಸಬಹುದೇ?
– ಲಾರಿ ಮಾಲೀಕರು, ಗದಗ

ಉತ್ತರ: ನೀವು ಬರೆದಿರುವ ರೀತಿಯಲ್ಲಿ ಬೇಡ. ಮೈಲೇಜಿನ ಆಸೆಗಂತೂ ಬೇಡವೇ ಬೇಡ.

ಹಾಗಂತ ನಿಮ್ಮ ಮಿಸ್ತ್ರಿ ಹೇಳಿದ್ದೆಲ್ಲ ಸುಳ್ಳಲ್ಲ. ಇಂಜಿನ್ನಿಗೆ ಹೋಗುವ ಗಾಳಿಗೆ ನೀರಿನ ಮಂಜು ಬೆರೆಸುವುದು ಹಳೇ ವಿದ್ಯೆ. ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳಲ್ಲೇ ಇತ್ತು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನು ನೀರು ಗಾಳಿಯಿಂದಲೂ ಉರಿಯಿಂದಲೂ ಎಳೆದುಕೊಳ್ಳುತ್ತದೆ. ಹಾಗಾಗಿ ಸಿಲಿಂಡರ್ ಒಳಗಿನ ಉರಿಯ ತಾಪ ಇಳಿಯುತ್ತದೆ, ಸೈಲೆನ್ಸರ್ ಕಡೆ ಹೋಗುವ ಹೊಗೆಯ ತಾಪ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡುಗಳೂ ಕಡಿಮೆಯಾಗುತ್ತವೆ. ಹಡಗಿನ ದೊಡ್ಡ ಡೀಸೆಲ್ ಇಂಜಿನ್‌ಗಳಲ್ಲಿ ಇದೇ ಕಾರಣಕ್ಕೆ ನೀರು ಬಳಸುವುದುಂಟು.

ಆದರೆ ನೀರು ಇಂಧನ ಅಲ್ಲ. ಡೀಸೆಲ್ ಇಂಜಿನ್ ಎಷ್ಟು ಶಕ್ತಿ ಕೊಡುತ್ತದೆ ಅನ್ನುವುದು ಎಷ್ಟು ಡೀಸೆಲ್ ಸರಿಯಾಗಿ ಉರಿಯಿತು ಅನ್ನುವುದರ ಮೇಲಿದೆ. ಅಮೆರಿಕದಲ್ಲಿ ಟ್ರ್ಯಾಕ್ಟರ್ ಎಳೆಯುವ ಸ್ಪರ್ಧೆಗಳಲ್ಲಿ ನೀರು ಹೊಡೆಸುತ್ತಾರೆ ನಿಜ. ಅವರು ಮೊದಲು ಪಂಪ್ ತಿರುಗಿಸಿ ಡೀಸೆಲನ್ನು ಬೇಕಾಬಿಟ್ಟಿ ಬಿಟ್ಟಿರುತ್ತಾರೆ, ಆ ಉರಿಗೆ ಪಿಸ್ಟನ್ ಕರಗದಿರಲಿ ಅಂತ ನೀರು. ನಿಮಗೆ ಬೇಕಿರುವುದು ಅದಲ್ಲ. ಸಪಾಟು ರಸ್ತೆಯಲ್ಲಿ, ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವ ಲಾರಿಗೆ ನೀರಿನಿಂದ ಏನೂ ಲಾಭವಿಲ್ಲ. ಒಂದು ಕಿಲೋಮೀಟರ್ ಜಾಸ್ತಿ ಅನ್ನುವುದು ನನಗೆ ನಂಬಿಕೆ ಬರುವ ಮಾತಲ್ಲ. ‘ನೀರಿನಿಂದ ಓಡುವ ಗಾಡಿ’ ಕಿಟ್ ಮಾರುವವರೂ ಇದೇ ಮಾತು ಹೇಳುತ್ತಾರೆ.

ಇನ್ನು ನಿಮ್ಮ ಲಾರಿಯ ಕಾಯಿಲೆ ನೋಡೋಣ. ಮುಳ್ಳು ತೋರಿಸುವುದು ರೇಡಿಯೇಟರ್ ನೀರಿನ ತಾಪ. ಸ್ಪ್ರೇ ಇಳಿಸುವುದು ಮುಖ್ಯವಾಗಿ ಉರಿಯ ಮತ್ತು ಹೊಗೆಯ ತಾಪ. ಎರಡೂ ಬೇರೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಸ್ಪ್ರೇ ಅದನ್ನು ಬಿಡಿಸುವುದಿಲ್ಲ. ಇಂಟರ್‌ಕೂಲರ್ ಸಾಮಾನ್ಯವಾಗಿ ರೇಡಿಯೇಟರಿನ ಮುಂದೆ ಇರುತ್ತದೆ, ನಡುವೆ ಸಣ್ಣ ಸಂದಿ. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕ ಕಾಣುತ್ತದೆ. ಆ ಸಂದಿಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಎರೆ ಮಣ್ಣಿನ ಧೂಳು, ಹತ್ತಿಯ ಎಳೆ, ಎಣ್ಣೆ ಜಿಡ್ಡು ಸೇರಿ ಕಂಬಳಿ ಕೂತಿರುತ್ತದೆ. ನಮ್ಮ ಕಡೆ ಲಾರಿಗಳಲ್ಲಿ ಇದು ಮಾಮೂಲು. ಎರಡನ್ನೂ ಬೇರೆ ಮಾಡಿ ತೊಳೆಸಿ. ಜೋರು ಪ್ರೆಷರ್ ಬಿಟ್ಟು ಫಿನ್ ಮಡಚಬೇಡಿ. ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್ ಕೂಡ ನೋಡಿಸಿ.

ಕಪ್ಪು ಹೊಗೆ ಅಂದರೆ ಗಾಳಿ ಸಾಲುತ್ತಿಲ್ಲ, ಇಲ್ಲ ಡೀಸೆಲ್ ಜಾಸ್ತಿ ಬೀಳುತ್ತಿದೆ. ಏರ್ ಫಿಲ್ಟರ್ ಬದಲಿಸಿ. ಟರ್ಬೊದಿಂದ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪ್) ವರೆಗಿನ ಪ್ರತಿ ಹೋಸ್ ಜಾಯಿಂಟಿಗೆ ಸೋಪಿನ ನೀರು ಹಚ್ಚಿ, ಪೈಪಿಗೆ ಸ್ವಲ್ಪ ಗಾಳಿ ತುಂಬಿ, ಗುಳ್ಳೆ ಬರುತ್ತದಾ ನೋಡಿ. ಆಮೇಲೆ ಪಂಪ್-ನಾಜಲ್ ಅಂಗಡಿಗೆ ಹೋಗಿ. ಹಿಂದೆ ಯಾರೋ ಪಿಕಪ್ ಬರಲಿ ಅಂತ ಪಂಪ್ ಏರಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇಷ್ಟು ಮಾಡಿಸಿದ ಮೇಲೆ ಒಂದು ಟ್ರಿಪ್ ಅರಬೈಲ್ ಹತ್ತಿಸಿ ನೋಡಿ. ಹತ್ತರಲ್ಲಿ ಎಂಟು ಗಾಡಿಗೆ ಅಲ್ಲಿಗೇ ಕೆಲಸ ಮುಗಿಯುತ್ತದೆ ಅಂತ ನನ್ನ ಅಂದಾಜು.

ಅಷ್ಟಾದರೂ ನೀರು ಹೊಡೆಸಲೇಬೇಕು ಅನ್ನಿಸಿದರೆ, ಮೊದಲು ಲೆಕ್ಕ ಹಾಕಿ. 5.9 ಲೀಟರಿನ ಆರು ಸಿಲಿಂಡರ್ ಇಂಜಿನ್ ತಗೊಳ್ಳೋಣ, 130 ಹಾರ್ಸ್‌ಪವರ್ ಆಸುಪಾಸಿನದು. ಫುಲ್ ಲೋಡಿನಲ್ಲಿ ನಿಮಿಷಕ್ಕೆ ಸುಮಾರು 400 ಮಿಲಿ ಡೀಸೆಲ್ ಕುಡಿಯುತ್ತದೆ. ಮನೆಯಲ್ಲಿ ಮಾಡಿದ ಸಿಸ್ಟಮ್‌ಗೆ ಅದರ ಶೇ 15ರಷ್ಟು ನೀರು ಸಾಕು, ಅಂದರೆ ನಿಮಿಷಕ್ಕೆ 60 ಮಿಲಿ. ಅಷ್ಟೂ ಪೈಪಿನಲ್ಲೇ ಆವಿಯಾದರೆ ಗಾಳಿ 15ರಿಂದ 18 ಡಿಗ್ರಿ ತಣ್ಣಗಾಗುತ್ತದೆ. ಎಣ್ಣೆ ಹೊಡೆಯುವ ಪಂಪಿನ ಮಾಮೂಲಿ ನಾಜಲ್ ಎಷ್ಟು ಬಿಡುತ್ತದೆ ಗೊತ್ತಾ? ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ. ಡೀಸೆಲಿಗಿಂತ ನೀರೇ ಹೆಚ್ಚಾಯಿತು! ಆಗ ಉರಿ ತಡವಾಗಿ ಹತ್ತಿಕೊಳ್ಳುತ್ತದೆ, ಬಿಳಿ ಹೊಗೆ ಬರುತ್ತದೆ, ಘಟ್ಟದ ನಡುವೆ ಎಳೆತ ಬಿದ್ದುಹೋಗುತ್ತದೆ. ರಿಂಗ್ ದಾಟಿ ಇಳಿದ ನೀರು ಇಂಜಿನ್ ಆಯಿಲ್ ಸೇರುತ್ತದೆ. ಆಯಿಲ್ ಕ್ಯಾಪ್ ತೆಗೆದಾಗ ಒಳಗೆ ಕಂದು-ಬಿಳಿ ನೊರೆ ಅಂಟಿದ್ದರೆ ಅದೇ ಗುರುತು.

ಪ್ರೆಷರ್ ಇಳಿಸಿ ನೀರು ಕಡಿಮೆ ಮಾಡ್ತೀವಿ ಅಂತ ಕೆಲವರು ಹೇಳುತ್ತಾರೆ. ಅದು ಸರಿಹೋಗುವುದಿಲ್ಲ. ನೀರು ಅರ್ಧ ಆಗಬೇಕಾದರೆ ಪ್ರೆಷರ್ ಕಾಲು ಭಾಗಕ್ಕೆ ಇಳಿಯಬೇಕು. ಅಷ್ಟು ಇಳಿಸಿದರೆ ಮಂಜು ಬರುವುದಿಲ್ಲ, ಹನಿ ಬೀಳುತ್ತದೆ. ಪ್ರೆಷರ್ ಹಾಗೇ ಇರಲಿ, ನಾಜಲ್ ತೂತು ಸಣ್ಣದಾಗಲಿ. ಮಂಜು ಹೊಡೆಯುವ ಹಿತ್ತಾಳೆ ಅಥವಾ ಸ್ಟೀಲ್ ನಾಜಲ್ ತನ್ನಿ, ಪ್ಲಾಸ್ಟಿಕ್ ಬೇಡ. ಗಾಡಿಗೆ ಹಾಕುವ ಮೊದಲು ನಾಜಲನ್ನು ಬಾಟಲಿಯ ಬಾಯಿಗೆ ಹಿಡಿದು ಸರಿಯಾಗಿ ಒಂದು ನಿಮಿಷ ಪಂಪ್ ಓಡಿಸಿ. ಬಿದ್ದ ನೀರನ್ನು ಮಕ್ಕಳ ಔಷಧಿ ಅಳೆಯುವ ಮುಚ್ಚಳದಲ್ಲಿ ಅಳೆಯಿರಿ. 60 ಮಿಲಿ ದಾಟಿದರೆ ಆ ನಾಜಲ್ ವಾಪಸ್.

ನಾಜಲ್ ಜಾಗವೂ ತಪ್ಪಾಗಿದೆ. ಟರ್ಬೊದ ಮುಂದೆ ಹಾಕಿದರೆ ನೀರಿನ ಹನಿ ಸೀದಾ ಕಂಪ್ರೆಸರ್ ಚಕ್ರಕ್ಕೆ ಬಡಿಯುತ್ತದೆ. ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ಹೊಡೆಯುವ ಅಲ್ಯೂಮಿನಿಯಂ ಚಕ್ರ ಅದು. ರೆಕ್ಕೆಯ ಅಂಚನ್ನು ಹನಿಗಳೇ ತಿಂದುಹಾಕುತ್ತವೆ. ಟರ್ಬೊ ಮತ್ತು ಇಂಟರ್‌ಕೂಲರ್ ನಡುವೆಯೂ ಬೇಡ, ಇಂಟರ್‌ಕೂಲರಿನ ತಳದಲ್ಲಿ ನೀರು ನಿಲ್ಲುತ್ತದೆ. ಇಂಟರ್‌ಕೂಲರ್ ದಾಟಿದ ಮೇಲೆ, ಮ್ಯಾನಿಫೋಲ್ಡಿಗಿಂತ ಒಂದಡಿ ಮುಂಚೆ, ಕಬ್ಬಿಣದ ಅಥವಾ ಅಲ್ಯೂಮಿನಿಯಂ ಪೈಪ್ ಇರುವ ಕಡೆ ನಟ್ ವೆಲ್ಡ್ ಮಾಡಿಸಿ ಕೂರಿಸಬೇಕು. ತೀರಾ ಹತ್ತಿರ ಹಾಕಿದರೆ ಒಂದೆರಡು ಸಿಲಿಂಡರಿಗೇ ನೀರೆಲ್ಲ ಹೋಗುತ್ತದೆ. ಪೈಪ್ ಬಿಚ್ಚಿ ಕೆಳಗಿಟ್ಟೇ ತೂತು ಹೊಡೆಯಿರಿ. ಗಾಡಿಯ ಮೇಲೇ ಡ್ರಿಲ್ ಹಿಡಿದರೆ ಲೋಹದ ಚೂರು ನೆಟ್ಟಗೆ ವಾಲ್ವಿಗೆ ಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮೇಲೆ ಹೇಳಿದ ಇಂಜಿನ್ನಿನ ಒಂದೊಂದು ಸಿಲಿಂಡರ್ ಸುಮಾರು 980 ಸಿಸಿ. ಕಂಪ್ರೆಷನ್ 17.5ಕ್ಕೆ 1, ಅಂದರೆ ಒಳಗಿನ ಗಾಳಿಯನ್ನು ಪಿಸ್ಟನ್ ಅಷ್ಟು ಪಟ್ಟು ಅದುಮುತ್ತದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 60 ಮಿಲಿ. ಹೋಟೆಲಿನ ಸಣ್ಣ ಗ್ಲಾಸಿನ ಅರ್ಧ ಚಹಾದಷ್ಟು, ಅಷ್ಟೇ. ಆರೂ ಸಿಲಿಂಡರಿಗೆ ಹಂಚಿಕೊಂಡು, ಒಂದು ನಿಮಿಷದುದ್ದಕ್ಕೂ ಮಂಜಾಗಿ ಹೋದರೆ ಈ 60 ಮಿಲಿ ಔಷಧಿ. ನಿಂತ ಇಂಜಿನ್ನಿನ ಒಂದೇ ಸಿಲಿಂಡರಿನಲ್ಲಿ ಕೂತಿದ್ದರೆ ಅದೇ 60 ಮಿಲಿ ಕೊಲೆಗಾರ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸಿಗೆ ನುಗ್ಗಿಸಿದವರ ಇಂಜಿನ್ ಬಿಚ್ಚಿದಾಗ ಸಿಗುವುದೂ ಇಂಥದೇ ರಾಡ್.

ನೀರು ಅಲ್ಲಿಗೆ ಹೇಗೆ ಬರುತ್ತದೆ? ನಿಮ್ಮ ಮಿಸ್ತ್ರಿ ಕ್ಯಾನ್ ಕಟ್ಟಲು ಹೇಳಿರುವುದು ಕ್ಯಾಬಿನ್ ಹಿಂದೆ, ಇಂಜಿನ್ನಿಗಿಂತ ಮೇಲೆ. ಪಂಪ್ ಬಂದ್ ಇದ್ದರೂ ರಾತ್ರಿಯಿಡೀ ನೀರು ತನ್ನಷ್ಟಕ್ಕೆ ಇಳಿಯುತ್ತದೆ. ಪಂಪಿನ ಒಳಗಿನ ರಬ್ಬರ್ ವಾಲ್ವನ್ನು ನಂಬಿಕೊಂಡು ಮಲಗಬೇಡಿ. ಹಾಗಾಗಿ ಕ್ಯಾನ್ ನಾಜಲಿಗಿಂತ ಕೆಳಗಿರಬೇಕು, ಚಾಸಿಸ್ ಪಕ್ಕ. ನಾಜಲ್ ಹತ್ತಿರವೇ ಒಂದು ಸೊಲೆನಾಯ್ಡ್ ವಾಲ್ವ್ ಬೇಕು, ಕರೆಂಟ್ ಇಲ್ಲದಾಗ ಮುಚ್ಚಿಕೊಳ್ಳುವಂಥದ್ದು. ಜೊತೆಗೆ ಒಂದು ನಾನ್-ರಿಟರ್ನ್ ವಾಲ್ವ್. ಎಲ್ಲ ಜೋಡಿಸಿದ ಮೇಲೆ ನಾಜಲನ್ನು ಹೊರಗೆ ತೆಗೆದು ಒಣಗಿದ ಪೇಪರ್ ಮೇಲೆ ತೂಗುಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಗಾಡಿಗೆ ಹಾಕುವ ಮಾತೇ ಬೇಡ.

ಡ್ರೈವರ್ ಕೈಗೆ ಸ್ವಿಚ್ ಕೊಡುವುದೂ ನನಗೆ ಒಪ್ಪಿಗೆ ಇಲ್ಲ. ಘಟ್ಟ ಹತ್ತಿಸಿ ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬಂದ್ ಮಾಡಲು ಮರೆತರೆ? ಮ್ಯಾನಿಫೋಲ್ಡಿಗೆ ಬೂಸ್ಟ್ ಪ್ರೆಷರ್ ಸ್ವಿಚ್ ಹಾಕಿಸಿ. ಟರ್ಬೊ ಗಾಳಿಯ ಒತ್ತಡ 10 ಪಿಎಸ್‌ಐ ದಾಟಿದಾಗ ಮಾತ್ರ ಪಂಪ್ ಮತ್ತು ಸೊಲೆನಾಯ್ಡ್ ಆನ್ ಆಗಬೇಕು, ಇಳಿದ ಕೂಡಲೇ ಆಫ್. ಇಗ್ನಿಷನ್ ಆಫ್ ಆದರೆ ಎಲ್ಲವೂ ಆಫ್. ಡ್ಯಾಶ್‌ಬೋರ್ಡಿನಲ್ಲಿ ಪೂರ್ತಿ ಬಂದ್ ಮಾಡುವ ಸ್ವಿಚ್ ಒಂದು ಇರಲಿ, ಆನ್ ಮಾಡುವ ಸ್ವಿಚ್ ಬೇಡ. ಇನ್ನೊಂದು ಮಾತು: ಎಣ್ಣೆ ಹೊಡೆಯುವ ಪಂಪಿನ ಮೋಟರ್ 12 ವೋಲ್ಟಿನದು, ನಿಮ್ಮ ಲಾರಿ ಬಹುಶಃ 24 ವೋಲ್ಟ್. ಎರಡು ಬ್ಯಾಟರಿಯಲ್ಲಿ ಒಂದರಿಂದ ವೈರ್ ಎಳೆಯುವ ಚಾಳಿ ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸೊರಗುತ್ತದೆ, ಇನ್ನೊಂದು ಓವರ್‌ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹಾಳು. 24 ವೋಲ್ಟಿನ ಪಂಪೇ ತನ್ನಿ, ಇಲ್ಲ ಕನ್ವರ್ಟರ್ ಹಾಕಿಸಿ. ಫ್ಯೂಸ್ ಮರೆಯಬೇಡಿ.

ನೀರು ಹೋಗಿರಬಹುದು ಅಂತ ಅನುಮಾನ ಬಂದರೆ, ಸೆಲ್ಫ್ ‘ಟಕ್’ ಅಂತ ನಿಂತರೆ, ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಡಿ ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ಇಂಜೆಕ್ಟರ್ ಬಿಚ್ಚಿಸಿ, ಇಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಗೆ ಹಾಕಿಸಿ.

ಪ್ರಶ್ನೆ: ನಮ್ಮ ಲಾರಿಗೆ ಈಗಾಗಲೇ ನೀರಿನ ಸ್ಪ್ರೇ ಹಾಕಿಸಿದ್ದೇವೆ. ಬೋರ್‌ವೆಲ್ ನೀರು ತುಂಬಿಸುತ್ತಿದ್ದೇವೆ. ನಾಜಲ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಏನು ಮಾಡಬೇಕು?
– ಓದುಗರು, ಹಾವೇರಿ

ಉತ್ತರ: ನಾಜಲ್ ಕಟ್ಟಿಕೊಳ್ಳುತ್ತಿದೆ ಅಂದರೆ ಅದು ನಿಮಗೆ ಎಚ್ಚರಿಕೆ ಕೊಡುತ್ತಿದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಬೋರಿನ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಲೀಟರಿಗೆ 1,000 ಮಿಲಿಗ್ರಾಂ ಇದ್ದರೆ, 20 ಲೀಟರ್ ಕ್ಯಾನ್ ಖಾಲಿಯಾಗುವಷ್ಟರಲ್ಲಿ 20 ಗ್ರಾಂ ಉಪ್ಪು-ಸುಣ್ಣ ಇಂಜಿನ್ ಒಳಗೆ ಹೋಗಿರುತ್ತದೆ. ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತದಲ್ಲ, ಅದೇ ಸಾಮಾನು ವಾಲ್ವ್, ಪಿಸ್ಟನ್ ತಲೆಯ ಮೇಲೂ ಕೂರುತ್ತದೆ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಆರ್‌ಒ ನೀರೂ ನಡೆಯುತ್ತದೆ, ಟಿಡಿಎಸ್ ಮೀಟರಿನಲ್ಲಿ ಚೆಕ್ ಮಾಡಿಕೊಳ್ಳಿ. ಘಟ್ಟದ ನೀರು, ಹೋಟೆಲ್ ಮುಂದಿನ ನಲ್ಲಿ ನೀರು ಯಾವುದೂ ಬೇಡ. ಕ್ಯಾನ್ ಬಿಸಿಲಿಗಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ಬೆಳಕು ಹಾಯದ ಕಪ್ಪು ಅಥವಾ ನೀಲಿ ಕ್ಯಾನ್ ಹಾಕಿ. ಪಂಪಿನ ಮುಂದೆ ಸಣ್ಣ ಜಾಳಿಗೆಯ ಫಿಲ್ಟರ್ ಇರಲಿ. ಈಗ ಕೂತಿರುವ ನಾಜಲನ್ನು ಪಿನ್ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗಿ ನೀರು ಜಾಸ್ತಿ ಬೀಳುತ್ತದೆ. ಹೊಸದು ಹಾಕಿ, ಮತ್ತೆ ಅಳೆಯಿರಿ.

ಪ್ರಶ್ನೆ: ನಮ್ಮದು ಬಿಎಸ್-6 (ಹೊಸ ಹೊಗೆ ನಿಯಮದ) ಲಾರಿ. ಅದರಲ್ಲಿ ಡಿಇಎಫ್ (ಹೊಗೆ ಶುದ್ಧ ಮಾಡುವ ದ್ರವ) ಟ್ಯಾಂಕ್ ಇದ್ದೇ ಇದೆ, ಅದರಲ್ಲೂ ಇರುವುದು ನೀರೇ ಅಲ್ವಾ? ಅದನ್ನೇ ಗಾಳಿ ಪೈಪಿಗೆ ತಿರುಗಿಸಬಹುದೇ?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ಬೇಡ. ಡಿಇಎಫ್‌ನಲ್ಲಿ ಶೇ 32.5 ಯೂರಿಯಾ ಇದೆ, ಉಳಿದದ್ದು ಶುದ್ಧ ನೀರು. ಅದು ಇಂಜಿನ್ ಒಳಗೆ ಹೋಗುವುದೇ ಇಲ್ಲ, ಸೈಲೆನ್ಸರ್ ದಾರಿಯಲ್ಲಿ ಬಿಸಿ ಹೊಗೆಗೆ ಬೀಳುತ್ತದೆ. ಗಾಳಿ ಪೈಪಿಗೆ ಬಿಟ್ಟರೆ ಯೂರಿಯಾ ಹರಳುಗಟ್ಟಿ ಕೂರುತ್ತದೆ. ಆ ಟ್ಯಾಂಕಿಗೆ ಬರೀ ನೀರು ಹಾಕುವ ಬುದ್ಧಿಯೂ ಬೇಡ, ಸೆನ್ಸರ್ ಹಿಡಿದು ಪವರ್ ಕಟ್ ಮಾಡುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಗಾಳಿ, ತಾಪ, ಹೊಗೆ ಎಲ್ಲಕ್ಕೂ ಸೆನ್ಸರ್ ಇದೆ. ಹೊರಗಿನ ನೀರು ಸೇರಿಸಿದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕ ತಪ್ಪುತ್ತದೆ, ವಾರಂಟಿಯೂ ಹೋಗುತ್ತದೆ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 52 ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. ಹಳೇ ಲಾರಿಯವರೂ ಆರ್‌ಟಿಒ ಕಚೇರಿಯಲ್ಲಿ ಮತ್ತು ಇನ್ಶೂರೆನ್ಸ್‌ನವರಲ್ಲಿ ಕೇಳಿಕೊಂಡೇ ಕೈ ಹಾಕಬೇಕು.

ಪ್ರಶ್ನೆ: ನೀರಿಗೆ ಮೆಥನಾಲ್ ಬೆರೆಸಿದರೆ ಪಿಕಪ್ ಬರುತ್ತದಂತೆ. ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಜ, ಯಾಕೆಂದರೆ ಮೆಥನಾಲ್ ಇಂಧನ. ಆದರೆ ಅದು ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಬೆಂಕಿ ಹತ್ತಿಕೊಂಡರೆ ಹಗಲಿನಲ್ಲಿ ಅದರ ಉರಿ ಸರಿಯಾಗಿ ಕಾಣುವುದೂ ಇಲ್ಲ. ಕ್ಲೀನರ್ ಹುಡುಗ ನೀರು ಅಂತ ತಿಳಿದು ಕ್ಯಾನ್ ಎತ್ತುವ ಲಾರಿಯಲ್ಲಿ ಅದಕ್ಕೆ ಜಾಗವಿಲ್ಲ.